ಪೆಟ್ಟಿಗೆ ಮಾಸ್ತರನಿಗೆ ಅಂಕ ಹಾಕುವವರಾರು?

ಗಜೇಂದ್ರಗಡ, ರೋಣದ ಸುತ್ತಿನ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ನಾಟಕವೂ ಬಂತು. ಊರ ಹುಡುಗರೇ ನಾಯಕ, ಖಳನಾಯಕ. ನಾಯಕಿಯರು ಹೊರಗಿನಿಂದ ಬರುತ್ತಾರೆ. ಹ್ಯಾಂಡ್‌ಬಿಲ್ಲಿನ ತುಂಬ ಇವರ ಫೋಟೊಗಳು. ತಳದಲ್ಲಿ ಸಣ್ಣ ಅಕ್ಷರದಲ್ಲಿ ಕ್ಯಾಸಿಯೋ, ರಿದಂ ಪ್ಯಾಡ್ ಎಂದು ಇಬ್ಬರು ವಾದಕರ ಹೆಸರು. ಇಂದು ಸಾಮಾಜಿಕ ನಾಟಕ, ನಾಳೆ ಭಕ್ತಿಪ್ರಧಾನ, ನಾಡಿದ್ದು ಗಣಪತಿ ಪೆಂಡಾಲಿನ ರಸಮಂಜರಿ, ಶ್ರಾವಣದಲ್ಲಿ ಮಠದ ಪುರಾಣ: ಎಲ್ಲಕ್ಕೂ ಸಾಥಿಗೆ ಕೂರುವವರು ಈ ವಾದಕರೇ. ನಾಟಕ ವಿಮರ್ಶೆ ಇವರ ಹೆಸರು ಎತ್ತುವುದು ಅಪರೂಪ. ಎತ್ತಿದರೂ ‘ಸಂಗೀತ ಪೂರಕವಾಗಿತ್ತು’ ಎಂಬಲ್ಲಿಗೆ ಮುಗಿಯಿತು.

ಈ ಕಸುಬಿನ ದೊಡ್ಡ ಮನೆ ಗದುಗಿನ ವೀರೇಶ್ವರ ಪುಣ್ಯಾಶ್ರಮ. ಅಲ್ಲಿ ಪಂಚಾಕ್ಷರ ಗವಾಯಿಗಳು ಅಂಧರಿಗೆ, ಬಡ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಹಾಡುಗಾರಿಕೆಯ ಜೊತೆ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಎಲ್ಲದರಲ್ಲೂ ಪಳಗಿದವರು. ಆಶ್ರಮ ನಡೆಯಲೆಂದು ನಾಟಕ ಕಂಪನಿ ಕಟ್ಟಿದವರು, ನಾಟಕ ಬರೆದವರು. ಇದೇ ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಲ್ಲಿ ನಿಷೇಧಿಸಿ 1971ರವರೆಗೆ ಹೊರಗಿಟ್ಟಿತ್ತು. ಅದೇ ಕಾಲದಲ್ಲಿ ಉತ್ತರ ಕರ್ನಾಟಕದ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸುವ ಪೆಟ್ಟಿಗೆ ಮಾಸ್ತರನಿಲ್ಲದೆ ಪರದೆ ಏಳುತ್ತಿರಲಿಲ್ಲ. ಬಾನುಲಿಗೆ ಬೇಡವಾದ ವಾದ್ಯವನ್ನು ರಂಗಭೂಮಿ ಸಾಕಿತು.

ಮಾಸ್ತರನ ವಿದ್ಯೆಯ ಸೂಕ್ಷ್ಮ ತಿಳಿಯಲು ಒಂದು ಯುಗಳಗೀತೆ ಸಾಕು. ನಾಯಕನ ಶ್ರುತಿ ಕರಿ ಒಂದು (ಪೆಟ್ಟಿಗೆಯ ಮೊದಲ ಕರಿ ಮನೆ), ನಾಯಕಿಯದು ಕರಿ ನಾಲ್ಕು ಎನ್ನೋಣ. ಅವನ ಪಂಚಮವೇ ಅವಳ ಷಡ್ಜ. ಅವನು ಸಾಲು ಬಿಟ್ಟೊಡನೆ ಮಾಸ್ತರನ ಬೆರಳು ಪಂಚಮದ ಮೇಲೆ ನಿಂತು ಅವಳಿಗೆ ದಾರಿ ತೋರಬೇಕು. ಹೊಸ ಹುಡುಗ ಗಾಬರಿಯಲ್ಲಿ ಅರ್ಧ ಸ್ವರ ಮೇಲೆ ಹಿಡಿದರೆ ಕೂತವರಿಗೆ ಗೊತ್ತಾಗುವ ಮೊದಲೇ ತಾನೂ ಅಲ್ಲಿಗೆ ಏರಬೇಕು. ಚಪ್ಪಾಳೆ ಬಿದ್ದರೆ ಹುಡುಗನಿಗೆ, ಶ್ರುತಿ ತಪ್ಪಿದರೆ ಬೈಗುಳ ಮಾಸ್ತರನಿಗೆ.

ಕ್ಯಾಸಿಯೋ ಕೀಬೋರ್ಡು ಬಂದು ಈ ಕಲೆ ಕೆಟ್ಟಿತು ಎನ್ನುವ ಹಳಬರ ಮಾತು ಅರ್ಧ ಮಾತ್ರ ನಿಜ. ಶ್ರುತಿ ಏರಿಸುವ ಕೆಲಸ ಈಗ ಒಂದು ಗುಂಡಿಯದು. ಕೊಳಲು, ಪಿಟೀಲುಗಳ ನಾದ ಬಡ ಊರಿನ ಸ್ಟೇಜಿಗೂ ಬಂದಿದೆ. ಇದನ್ನು ನಷ್ಟವೆನ್ನಲಾಗದು. ಕೆಟ್ಟದ್ದು ಲಯದಲ್ಲಿ. ರಂಗಗೀತೆಯ ನಡುವೆ ನಟ ನಿಲ್ಲುತ್ತಾನೆ, ಮಾತಾಡುತ್ತಾನೆ, ಅಳುತ್ತಾನೆ. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಕಾಯುತ್ತಿತ್ತು. ಕೀಬೋರ್ಡಿನ ಸಿದ್ಧ ತಾಳಕ್ಕೆ ಕಾಯುವುದು ಗೊತ್ತಿಲ್ಲ. ಬಲ್ಲ ಮಾಸ್ತರ ತಾಳ ನಿಲ್ಲಿಸಿ ಬರೀ ಸ್ವರ ಹಿಡಿಯುತ್ತಾನೆ. ಅರೆಬೆಂದವನು ಅಳುವ ತಾಯಿಯ ಬೆನ್ನಿಗೂ ಡಿಸ್ಕೊ ಬಿಡುತ್ತಾನೆ.

ಸಿನಿಮಾ ಹಾಡುಗಳ ರಸಮಂಜರಿಯ ತಕರಾರು ಬೇರೆ. ರಾಜ್‌ಕುಮಾರ್ ಹುಟ್ಟುಹಬ್ಬಕ್ಕೋ ಎಸ್‌ಪಿಬಿ ನೆನಪಿಗೋ ನಡೆಯುವ ‘ಗೀತನಮನ’ದಲ್ಲಿ ಕೇಳುಗರಿಗೆ ಕ್ಯಾಸೆಟ್ಟಿನಲ್ಲಿದ್ದದ್ದೇ ಬೇಕು. ಸಂಗೀತ ನಿರ್ದೇಶಕರಾದ ರಾಜನ್–ನಾಗೇಂದ್ರರ ಹಾಡಿಗೆ ಮದ್ರಾಸಿನ ಸ್ಟುಡಿಯೊದಲ್ಲಿ ಇಡೀ ತಂಡ ಕೂಡಿ ನುಡಿಸಿದ್ದನ್ನು ಇಲ್ಲಿ ಒಬ್ಬನೇ ಎಡಗೈಯಲ್ಲಿ ಪಿಟೀಲು, ಬಲಗೈಯಲ್ಲಿ ಕೊಳಲು ಮಾಡಿ ತರಬೇಕು. ಕಿವಿಯಿಂದಲೇ ಕಲಿತು ಹೀಗೆ ನುಡಿಸುವುದು ಸಣ್ಣ ಸಾಧನೆಯಲ್ಲ. ಆದರೆ ನಕಲಿನ ನಿಖರತೆಯೊಂದೇ ಅಳತೆಯಾದರೆ, ಆ ಅಳತೆಯಲ್ಲಿ ಯಂತ್ರವೇ ಗೆಲ್ಲುತ್ತದೆ. ಆಗಲೇ ಎಷ್ಟೋ ಕಡೆ ಮೊದಲೇ ಮುದ್ರಿಸಿದ ವಾದ್ಯಸಂಗೀತದ ಟ್ರ್ಯಾಕ್ ಹಾಕಿ ಹಾಡುತ್ತಾರೆ. ವಾದಕನ ಕುರ್ಚಿಯೇ ಇಲ್ಲ. ತಾನು ಹೊಗಳಿಸಿಕೊಂಡ ಗುಣವೇ ಅವನ ಅನ್ನಕ್ಕೆ ಕುತ್ತು ತಂದಿದೆ.

ಆದ್ದರಿಂದ ಬಹುಮುಖ ವಾದಕನ ಹೆಚ್ಚುಗಾರಿಕೆ ಅವನಿಗೆ ಎಷ್ಟು ವಾದ್ಯ ಬರುತ್ತದೆ, ಎಷ್ಟು ಹಾಡು ಬಾಯಿಪಾಠ ಎಂಬುದರಲ್ಲಿಲ್ಲ. ಮುಂದೆ ನಿಂತವರ ಉಸಿರಿಗೆ ತಕ್ಕಂತೆ ಅವನು ಬದಲಾಗಬಲ್ಲನೇ ಎಂಬುದರಲ್ಲಿದೆ. ಟ್ರ್ಯಾಕ್ ತಪ್ಪು ಮಾಡುವುದಿಲ್ಲ. ತಪ್ಪಿದವರನ್ನು ಎತ್ತಿ ಹಿಡಿಯುವುದೂ ಇಲ್ಲ. ಹಳ್ಳಿಯ ನಾಟಕ ನಿಂತಿರುವುದೇ ತಪ್ಪುವ ಹುಡುಗರ ಮೇಲೆ. ಅದಕ್ಕೇ ಈ ಮಾಸ್ತರ ಬೇಕು, ವಿಮರ್ಶೆಯಲ್ಲಿ ಅವನಿಗೊಂದು ಪ್ಯಾರಾವೂ ಬೇಕು.