ಸೀಟಿಯ ಮೌನ: ಒಂದು ಆಕ್ಷೇಪ

ರೆಫರಿಯ ಸೀಟಿ, ಕೈಸನ್ನೆ, ಕಾರ್ಡುಗಳನ್ನು ಭಾಷಾತೀತ ಸಂಕೇತವ್ಯವಸ್ಥೆಯೆಂದು ವರ್ಣಿಸುವ ವಾಡಿಕೆಯನ್ನು ನಾವು ಒಪ್ಪಲಾರೆವು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಕೇರಳ ಬ್ಲಾಸ್ಟರ್ಸ್ ತಂಡವು ಸಿದ್ಧವಾಗುವ ಮುನ್ನವೇ ಸುನಿಲ್ ಛೇತ್ರಿ ಫ್ರೀ ಕಿಕ್‌ನಿಂದ ಗೋಲು ಗಳಿಸಿದರು, ರೆಫರಿ ಮಾನ್ಯಮಾಡಿದರು, ಎದುರಾಳಿಗಳು ಮೈದಾನವನ್ನೇ ತೊರೆದರು. ಸಾಮಾನ್ಯ ಫ್ರೀ ಕಿಕ್‌ಗೆ ಸೀಟಿ ಬೇಕಿಲ್ಲ, ತಡೆಗೋಡೆಯ ದೂರವನ್ನು ಕಾಯಿಸುವಾಗ ಬೇಕು. ಎಂದರೆ ಒಂದೇ ಮೌನವು ಒಬ್ಬರಿಗೆ ಅನುಮತಿ, ಇನ್ನೊಬ್ಬರಿಗೆ ತಡೆ. ಸೀಟಿಯೂ ಗೋಡೆಯೂ ಬೇಡವೆಂದು ರೆಫರಿಗೆ ಮೊದಲೇ ಹೇಳಿದ್ದಾಗಿ ಛೇತ್ರಿ ತರುವಾಯ ತಿಳಿಸಿದರು. ಹಾಗಾದರೆ ನಿರ್ಣಾಯಕ ಉಕ್ತಿಯು ಸನ್ನೆಯಲ್ಲ, ಇಬ್ಬರ ನಡುವಿನ ಮಾತು. ಉಳಿದವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ ಎಂಬುದೇ ಜಗಳದ ಮೂಲ. 1970ರ ವಿಶ್ವಕಪ್ಪಿನಲ್ಲಿ ಬಂದ ಕಾರ್ಡುಗಳು ಶಿಕ್ಷೆಯನ್ನಷ್ಟೇ ಅನುವಾದಿಸಬಲ್ಲವು. ಕನ್ನಡ, ಹಿಂದಿ, ಮಲಯಾಳ ಬೆರೆಯುವ ವೈಟ್‌ಫೀಲ್ಡಿನ ಟರ್ಫ್‌ಗಳಲ್ಲಿ ಇಂಥ ಮಾತು ಯಾವ ಭಾಷೆಯಲ್ಲಿ, ಯಾರ ಕಿವಿಗೆ ಬೀಳುವಂತೆ ನಡೆಯುತ್ತದೆಂಬುದನ್ನು ದಾಖಲಿಸದೆ ಸನ್ನೆಗಳ ಪಟ್ಟಿ ಮಾಡುವ ವಿಧಾನಕ್ಕೇ ನಮ್ಮ ಆಕ್ಷೇಪ.