ಕನ್ನಡ ಕಥನದಲ್ಲಿ ಕರಾರಿನ ದುಡಿಮೆ

ಸಾಹಿತ್ಯವು ಜನಜೀವನದ ಕನ್ನಡಿಯೆಂಬ ಮಾತು ಬಳಸಿ ಬಳಸಿ ಸವೆದುಹೋಗಿದೆ. ಆದರೂ ಆ ಮಾತಿನೊಳಗೆ ಒಂದು ಎಚ್ಚರಿಕೆ ಅಡಗಿದೆ. ಕನ್ನಡಿಯು ತನ್ನ ಮುಂದೆ ನಿಂತವನನ್ನು ಮಾತ್ರ ತೋರಿಸುವುದು. ಅವನಿಗೆ ಸ್ಥಳ ಬಿಟ್ಟು ಪಕ್ಕಕ್ಕೆ ಸರಿದವನನ್ನು ತೋರಿಸದು. ಪರದೇಶದ ಉದ್ಯೋಗವನ್ನು ಕುರಿತ ಈಚಿನ ಕನ್ನಡ ಬರವಣಿಗೆಯನ್ನು ಪರಿಶೀಲಿಸುವವನಿಗೆ ಈ ಎಚ್ಚರಿಕೆಯು ಮತ್ತೆ ಮತ್ತೆ ನೆನಪಾಗದಿರದು.

ಮಂಗಳೂರಿನ ಫಳ್ನೀರಿನಂಥ ಸ್ಥಳದಲ್ಲಿ ಈ ವಿಷಯವು ಪುಸ್ತಕದ ಚರ್ಚೆಯಾಗಿ ನಿಲ್ಲುವಂಥದಲ್ಲ. ಹಂಚಿನ ಮನೆಗಳು ಅಳಿದು ಬಹುಮಹಡಿಯ ಕಟ್ಟಡಗಳು ಎದ್ದಿರುವ ಅಲ್ಲಿಯ ಬೀದಿಗಳಲ್ಲಿ, ಮಕ್ಕಳನ್ನು ಕೊಲ್ಲಿಯ ನಾಡುಗಳಿಗೋ ಅಮೆರಿಕಕ್ಕೋ ಕಳುಹಿಸಿ ದೂರವಾಣಿಯ ಕರೆಗಾಗಿ ಕಾದು ಕುಳಿತ ತಂದೆತಾಯಿಗಳು ಅನೇಕರು. ಊರಿನಲ್ಲಿಯೇ ಉಳಿದವರ ದುಡಿಮೆಯೂ ಬಹುಮಟ್ಟಿಗೆ ಹೊರಗಿನದೇ ಆಗಿದೆ. 1995ರಲ್ಲಿ ಇನ್ಫೋಸಿಸ್ ಸಂಸ್ಥೆಯು ಮಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದ ಮೇಲೆ, ಹಡಗನ್ನಾಗಲಿ ವಿಮಾನವನ್ನಾಗಲಿ ಹತ್ತದೆಯೇ ಪರದೇಶದ ಗಿರಾಕಿಗೆ ದುಡಿಯುವುದು ಇಲ್ಲಿಯ ವಿದ್ಯಾವಂತ ಮನೆಗಳಿಗೆ ಸಾಮಾನ್ಯವಾಯಿತು. ಹೋದವನೊಬ್ಬ, ಉಳಿದವನೊಬ್ಬ; ಇಬ್ಬರಿಗೂ ಅನ್ನವಿಡುವ ಒಡೆಯನು ಮಾತ್ರ ಒಬ್ಬನೇ.

ಹೋದವನ ಕಥೆಯನ್ನು ಕನ್ನಡವು ಹೇಳದೆ ಬಿಟ್ಟಿಲ್ಲ. ಆದರೆ ಆ ಕಥೆಗಳಲ್ಲಿ ಬಹುಪಾಲು ಒಂದೇ ಭಾವದ ಸುತ್ತ ಸುತ್ತುವುವು. ಆಷಾಢದ ಮಳೆಯ ನೆನಪು, ಮುದುಕಿಯಾದ ತಾಯಿ, ಭಾಷೆ ಮರೆತ ಮಗು, ಎಂದಾದರೊಂದು ದಿನ ಮರಳುವ ಸಂಕಲ್ಪ: ಇವು ಸುಳ್ಳಲ್ಲ, ಕೆಲವೆಡೆ ಅವು ಹೃದಯಂಗಮವಾಗಿಯೂ ಬಂದಿವೆ. ಆದರೆ ಕಥಾನಾಯಕನು ಬೆಳಗ್ಗೆ ಕಚೇರಿಗೆ ಹೋಗಿ ಸಂಜೆ ಹಿಂದಿರುಗುತ್ತಾನೆ; ನಡುವಣ ಎಂಟು ಹತ್ತು ಗಂಟೆಗಳಲ್ಲಿ ಏನು ನಡೆಯಿತೆಂಬುದು ವಾಚಕನಿಗೆ ತಿಳಿಯುವುದಿಲ್ಲ. ಅವನ ಕರಾರು ಯಾರೊಡನೆ, ಆ ಕರಾರು ಮುರಿದರೆ ಏನು ಗತಿ, ಅವನು ಇಂದು ಕುಳಿತ ಕುರ್ಚಿಯಲ್ಲಿ ನಿನ್ನೆ ಕುಳಿತಿದ್ದವರಾರು ಎಂಬ ಪ್ರಶ್ನೆಗಳು ಕಥೆಯ ಹೊಸ್ತಿಲನ್ನು ದಾಟಿ ಒಳಗೆ ಬರುವುದೇ ಇಲ್ಲ.

ಈ ಕೊರತೆಯು ಕನ್ನಡಕ್ಕೆ ಹುಟ್ಟುಗುಣವಲ್ಲ. ಇದೇ ಜಿಲ್ಲೆಯ ಜೀವನವನ್ನು ಚಿತ್ರಿಸಿದ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಇದಕ್ಕೆ ಸಾಕ್ಷಿ. ಆ ಕಾದಂಬರಿಯನ್ನು ಅಸ್ಪೃಶ್ಯನೊಬ್ಬನ ಭೂಮಿಯ ಹಂಬಲದ ಕಥೆಯೆಂದು ಓದುವುದು ರೂಢಿ; ಅದು ಸರಿಯೇ. ಆದರೆ ಅದರ ಕಥೆಯನ್ನು ಮುಂದಕ್ಕೆ ತಳ್ಳುವ ಯಂತ್ರವು ಒಂದು ಲೆಕ್ಕದ ಪುಸ್ತಕ. ಹಿಂದೆ ಮಾಡಿದ ಸಣ್ಣ ಸಾಲವೊಂದನ್ನು ತೀರಿಸಲು ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗಬೇಕಾಗುವುದು. ಒಬ್ಬ ಮಗನು ಜ್ವರ ಹೊತ್ತು ಮರಳಿ ಸಾಯುವನು, ಇನ್ನೊಬ್ಬನು ಅಲ್ಲಿಯೇ ಉಳಿದುಬಿಡುವನು. ಕೊನೆಗೆ ಮಗಳು ಬೆಳ್ಳಿಯೂ ಅದೇ ದಾರಿ ಹಿಡಿಯುವಳು. ಲೆಕ್ಕದ ಪುಸ್ತಕದಲ್ಲಿ ಸಾಲವು ಹರಿಯಿತೆಂದು ಬರೆಯಿಸಿಕೊಳ್ಳಲು ಆ ಮನೆಯು ತೆತ್ತ ಬೆಲೆಯೇ ಕಾದಂಬರಿಯ ದುರಂತ. ಕಾರಂತರು ಕರುಣೆಯನ್ನು ಬೋಧಿಸಲಿಲ್ಲ. ಲೆಕ್ಕವನ್ನು ತೆರೆದು ತೋರಿಸಿದರು. ಕರುಣರಸವು ಅದರಿಂದಲೇ ಹುಟ್ಟಿತು.

ಯಶವಂತ ಚಿತ್ತಾಲರ ‘ಶಿಕಾರಿ’ (1979) ಇದೇ ದಾರಿಯಲ್ಲಿ ಇನ್ನೊಂದು ಮೈಲಿಗಲ್ಲು. ಮುಂಬಯಿಯ ದೊಡ್ಡ ಕಂಪೆನಿಯೊಂದರ ವಿದ್ಯಾವಂತ ಅಧಿಕಾರಿಯಾದ ನಾಗಪ್ಪನಿಗೆ ಬರುವ ಅಮಾನತ್ತಿನ ಪತ್ರವೇ ಅಲ್ಲಿ ಕಥೆಯ ಬೀಜ. ಕಾಗದದ ಒಂದು ಹಾಳೆಯು ಮನುಷ್ಯನ ಹೆಸರನ್ನೂ ನೆಲೆಯನ್ನೂ ಹೇಗೆ ಅಲುಗಿಸಬಲ್ಲುದೆಂಬುದನ್ನು ಚಿತ್ತಾಲರು ಕಚೇರಿಯೊಳಗೆ ನಿಂತೇ ತೋರಿಸಿದರು. ಅನಕ್ಷರಸ್ಥ ಕೂಲಿಗೂ ಪದವೀಧರ ನೌಕರನಿಗೂ ನಡುವೆ ಅಂತರ ದೊಡ್ಡದು. ಆದರೆ ಇಬ್ಬರ ಬಾಳೂ ಇನ್ನೊಬ್ಬನ ಕೈಯ ಕಾಗದಕ್ಕೆ ಕಟ್ಟುಬಿದ್ದಿದೆ.

ಈಗಿನ ವೀಸಾ ಅಂಥದೊಂದು ಕಾಗದ. ಅಮೆರಿಕದ 1990ರ ಶಾಸನವು ರೂಪಿಸಿದ ಎಚ್-1ಬಿ ಎಂಬ ಪರವಾನಗಿಗೆ ವರ್ಷಕ್ಕೆ 65,000 ಎಂಬ ಮಿತಿಯಿತ್ತು. 2001ರಿಂದ 2003ರ ವರೆಗೆ ಆ ಮಿತಿಯು 1,95,000ಕ್ಕೆ ಏರಿ, 2004ರಲ್ಲಿ ಮತ್ತೆ ಹಿಂದಿನ ಸಂಖ್ಯೆಗೆ ಇಳಿಯಿತು. ಅಲ್ಲಿಯ ವಿಶ್ವವಿದ್ಯಾನಿಲಯಗಳಲ್ಲಿ ಉನ್ನತ ಪದವಿ ಪಡೆದವರಿಗೆಂದು 20,000 ಮಾತ್ರ ಬಳಿಕ ಸೇರಿತು. ಅರ್ಜಿ ಹಾಕುವವನು ನೌಕರನಲ್ಲ, ಯಜಮಾನನು. 2000ದ ಶಾಸನವು ಯಜಮಾನನನ್ನು ಬದಲಾಯಿಸಲು ದಾರಿಮಾಡಿತೇನೋ ನಿಜ. ಆದರೆ ಹೊಸ ಯಜಮಾನನೂ ಅರ್ಜಿ ಹಾಕಲೇ ಬೇಕು. ಕೆಲಸ ಹೋದವನಿಗೆ ಉಳಿಯುವ ಅವಧಿ ಹೆಚ್ಚೆಂದರೆ 60 ದಿನ. ಕಾಯಂ ವಾಸದ ಪರವಾನಗಿಯಲ್ಲಿ ಯಾವುದೇ ಒಂದು ದೇಶದವರಿಗೆ ನೂರಕ್ಕೆ ಏಳಕ್ಕಿಂತ ಹೆಚ್ಚಿನ ಪಾಲು ಸಾಮಾನ್ಯವಾಗಿ ಇಲ್ಲದ ಕಾರಣ, ಭಾರತೀಯರು ಅದಕ್ಕಾಗಿ ಅನೇಕ ವರ್ಷ ಸರದಿಯಲ್ಲಿ ನಿಲ್ಲಬೇಕು. ಸರದಿಯಲ್ಲಿ ನಿಂತವನು ಹೆಚ್ಚು ಸಂಬಳ ಕೇಳಲು ಹಿಂಜರಿಯುವನು. ಒಡೆಯನಿಗೆ ಅವನು ಮೆಚ್ಚಿಕೆಯಾಗುವುದಕ್ಕೆ ಅವನ ಜಾಣತನವೊಂದೇ ಕಾರಣವಲ್ಲ.

ಇನ್ನು ಆ ನಾಡಿನ ನೌಕರನ ಪಾಡು. 2014ರ ಕೊನೆಯಲ್ಲಿ ಫ್ಲಾರಿಡ ಪ್ರಾಂತದ ಒರ್ಲ್ಯಾಂಡೊ ನಗರದಲ್ಲಿ ಡಿಸ್ನಿ ಸಂಸ್ಥೆಯು ತನ್ನ ಗಣಕ ವಿಭಾಗದ ಸುಮಾರು 250 ಮಂದಿಗೆ ಕೆಲಸ ಕೊನೆಗೊಳ್ಳುವುದೆಂದು ತಿಳಿಸಿತು. ಅವರಲ್ಲಿ ಹಲವರು, ತಮ್ಮ ಸ್ಥಳಕ್ಕೆ ಬಂದ ಭಾರತೀಯ ನೌಕರರಿಗೆ ಕೆಲಸವನ್ನು ಕಲಿಸಿಕೊಟ್ಟು ಹೊರಡಬೇಕಾಯಿತು. 2015ರಲ್ಲಿ ಸುದ್ದಿ ಹೊರಬಿದ್ದಾಗ ಆ ದೇಶದಲ್ಲಿ ದೊಡ್ಡ ಕೋಲಾಹಲವೆದ್ದಿತು. ವೀಸಾದ ನೌಕರರನ್ನೇ ಹೆಚ್ಚಾಗಿ ಅವಲಂಬಿಸಿದ ಕಂಪೆನಿಗಳು ಅಮೆರಿಕದವನನ್ನು ಸ್ಥಳದಿಂದ ತಳ್ಳಬಾರದೆಂದು 1998ರ ಶಾಸನದಲ್ಲಿ ವಿಧಿಯಿದೆ. ಆದರೆ ಬಂದವನಿಗೆ ವರ್ಷಕ್ಕೆ 60,000 ಡಾಲರ್ ಸಂಬಳ ಕೊಟ್ಟರೆ ಆ ವಿಧಿ ಅನ್ವಯಿಸದೆಂದೂ ಅದರಲ್ಲಿಯೇ ಇದೆ. ಬೆಲೆಗಳೆಲ್ಲ ಏರಿದರೂ ಆ ಅಂಕಿಯು ಏರದೆ ನಿಂತಿದೆ.

ಅರ್ಥಶಾಸ್ತ್ರಜ್ಞರಲ್ಲಿ ಈ ಕುರಿತು ಒಮ್ಮತವಿಲ್ಲ. ಬಂದವರಿಂದ ಹೊಸ ಉದ್ಯಮ ಬೆಳೆದು ಎಲ್ಲರ ಸಂಬಳವೂ ಏರಿತೆಂದು ಕೆಲವರು ತೋರಿಸಿದ್ದಾರೆ. ಬೌಂಡ್, ಖನ್ನಾ, ಮೊರಾಲೆಸ್ ಎಂಬ ಮೂವರ ಅಧ್ಯಯನವು ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಿತು. ಸರಕು ಅಗ್ಗವಾಯಿತು, ಕಂಪೆನಿಗಳಿಗೆ ಲಾಭವಾಯಿತು. ಆದರೆ ವಲಸೆಯಿಲ್ಲದಿದ್ದರೆ 2001ರಲ್ಲಿ ಅಮೆರಿಕದ ಗಣಕತಜ್ಞರ ಸಂಬಳವು ನೂರಕ್ಕೆ 2.6ರಿಂದ 5.1ರಷ್ಟು ಹೆಚ್ಚಿರುತ್ತಿತ್ತೆಂಬುದು ಅವರ ಗಣನೆ. ಒಟ್ಟು ಲಾಭವೂ ಒಬ್ಬನ ನಷ್ಟವೂ ಏಕಕಾಲದಲ್ಲಿ ನಿಜವಾಗಿರಬಲ್ಲುವೆಂಬುದು ಇದರ ತಾತ್ಪರ್ಯ. ಒಟ್ಟು ಲಾಭವನ್ನು ಎಣಿಸುವುದು ಅರ್ಥಶಾಸ್ತ್ರದ ಕೆಲಸ. ಆ ಒಬ್ಬನ ಮುಖವನ್ನು ನೋಡುವುದು ಸಾಹಿತ್ಯದ ಕೆಲಸ.

ಭಾಷೆಯೂ ಇಲ್ಲಿ ತಪ್ಪಿತಸ್ಥನಾಗಿದೆ. ಕೆಲಸ ಕಳೆದುಕೊಳ್ಳುವವನು ತನ್ನ ಉತ್ತರಾಧಿಕಾರಿಗೆ ಪಾಠ ಹೇಳುವುದಕ್ಕೆ ಕಂಪೆನಿಗಳಲ್ಲಿ ‘ನಾಲೆಜ್ ಟ್ರಾನ್ಸ್‌ಫರ್’ ಎಂದು ಹೆಸರು. ಮನುಷ್ಯನಿಗೆ ‘ರಿಸೋರ್ಸ್’ ಎಂದು ಹೆಸರು. ಸದ್ಯ ಕೆಲಸವಿಲ್ಲದೆ ಕಾಯುತ್ತಿರುವವನು ‘ಬೆಂಚಿನ ಮೇಲೆ’ ಇರುವನು. ಅತ್ತ ಅಮೆರಿಕದಲ್ಲಿ, ಕೆಲಸವು ಭಾರತಕ್ಕೆ ಹೋದ್ದರಿಂದ ನಿರುದ್ಯೋಗಿಯಾದವನು ‘ಬ್ಯಾಂಗಲೋರ್ಡ್’ ಆದನೆಂಬ ಮಾತು ಈ ಶತಮಾನದ ಮೊದಲ ದಶಕದಲ್ಲಿ ಹುಟ್ಟಿತು. ಕನ್ನಡ ನಾಡಿನ ರಾಜಧಾನಿಯು ಪರಭಾಷೆಯೊಂದರಲ್ಲಿ ಕ್ರಿಯಾಪದವಾಯಿತು. ಅದರ ಅರ್ಥವಾದರೋ ಒಬ್ಬನ ಅನ್ನ ಹೋಯಿತೆಂಬುದು. ಇಂಥ ಪದವೊಂದು ಹುಟ್ಟಿದ್ದು ಕನ್ನಡದ ಕಥೆಗಾರರನ್ನು ಇನ್ನೂ ಹೆಚ್ಚಾಗಿ ಕಾಡಬೇಕಾಗಿತ್ತು.

ಊರಿನಲ್ಲಿ ಉಳಿದವನ ಕಥೆಯಂತೂ ಇನ್ನಷ್ಟು ಮಂಕಾಗಿದೆ. ಅಮೆರಿಕದ ಹಗಲಿಗೆ ತನ್ನ ರಾತ್ರಿಯನ್ನು ಹೊಂದಿಸಿಕೊಂಡು ದುಡಿಯುವ ಅವನಿಗೆ ಸ್ವಂತ ನಾಡಿನ ಶಾಸನದ ಆಸರೆಯೂ ಪೂರ್ತಿಯಾಗಿಲ್ಲ. ನೌಕರಿಯ ಷರತ್ತುಗಳನ್ನು ಬರೆದಿಟ್ಟು ಪಾಲಿಸಬೇಕೆನ್ನುತ್ತಿದ್ದ 1946ರ ಶಾಸನದಿಂದ ಕರ್ನಾಟಕ ಸರಕಾರವು 2014ರಲ್ಲಿ ಈ ಉದ್ಯಮಕ್ಕೆ ವಿನಾಯಿತಿ ಕೊಟ್ಟಿತು. ಮುಂದೆ ಅದನ್ನು ವಿಸ್ತರಿಸಿತು. ಈ ನೌಕರರ ಸಂಘವೊಂದು ರಾಜ್ಯದಲ್ಲಿ ನೋಂದಣಿಯಾದುದು 2017ರಲ್ಲಿ. ಒರ್ಲ್ಯಾಂಡೊದಲ್ಲಿ ಕುರ್ಚಿ ಬಿಟ್ಟವನೂ ಮಂಗಳೂರಿನಲ್ಲಿ ರಾತ್ರಿಯಿಡೀ ಕುರ್ಚಿ ಬಿಡದವನೂ ಪರಸ್ಪರ ಶತ್ರುಗಳೆಂದು ತಿಳಿಯುವುದು ಸುಲಭ; ಒಂದೇ ಲೆಕ್ಕದ ಪುಸ್ತಕದ ಎರಡು ಪುಟಗಳೆಂದು ತಿಳಿಯುವುದಕ್ಕೆ ಕಲ್ಪನಾಶಕ್ತಿ ಬೇಕು.

ಈ ಕಲ್ಪನೆಯಿಲ್ಲದಿದ್ದರೆ ನ್ಯಾಯಬುದ್ಧಿಯೂ ಕುಂಟುವುದು. 2024ರ ಜುಲೈಯಲ್ಲಿ ರಾಜ್ಯದ ಮಂತ್ರಿಮಂಡಲವು, ಖಾಸಗಿ ಉದ್ಯಮಗಳ ಮೇಲ್ವಿಚಾರಣೆಯ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ 70 ಸ್ಥಳೀಯರಿಗೆ ಮೀಸಲಾಗಬೇಕೆಂಬ ಮಸೂದೆಯನ್ನು ಒಪ್ಪಿತು. ಉದ್ಯಮಿಗಳ ಆಕ್ಷೇಪದಿಂದ ಕೆಲವೇ ದಿನಗಳಲ್ಲಿ ಅದು ತಡೆಹಿಡಿಯಲ್ಪಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಎಚ್-1ಬಿಯ ಹೊಸ ಅರ್ಜಿಗಳಿಗೆ 1,00,000 ಡಾಲರಿನ ಶುಲ್ಕವನ್ನು ಘೋಷಿಸಿದರು. ಮೊದಲನೆಯದನ್ನು ಮಣ್ಣಿನ ಮಕ್ಕಳ ಹಕ್ಕೆಂದು ಮೆಚ್ಚಿ ಎರಡನೆಯದನ್ನು ಅನ್ಯಾಯವೆಂದು ಹಳಿಯುವವನೂ, ಎರಡನೆಯದರ ಬಗೆಗೆ ಕಳವಳಪಟ್ಟು ಮೊದಲನೆಯದನ್ನು ಸಂಕುಚಿತವೆಂದು ನಗುವವನೂ ಒಂದೇ ಮನೆಯಲ್ಲಿ ಇರಬಹುದು; ಕೆಲವೊಮ್ಮೆ ಒಬ್ಬನೇ ಆಗಿರಲೂಬಹುದು. ಎರಡರಲ್ಲಿಯೂ ಕೇಳುವ ದನಿ ಒಂದೇ: ‘ಇಲ್ಲಿಯವನಾದ ನನಗೇಕೆ ಇಲ್ಲಿ ಸ್ಥಳವಿಲ್ಲ?’ ಎಂಬುದು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಕಥೆಯೆಂದರೆ ಕಾರ್ಮಿಕ ಇಲಾಖೆಯ ವರದಿಯಲ್ಲ; ಸಂಬಳದ ಅಂಕಿಗಳಿಂದ ರಸ ಹುಟ್ಟುವುದೆಂತು? ಇನ್ನೊಂದೂ ಉಂಟು: ಚೋಮನ ಮಕ್ಕಳಿಗೆ ವಿದ್ಯೆಯೂ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ; ಲಕ್ಷಗಟ್ಟಲೆ ಗಳಿಸುವವನನ್ನು ಅವರ ಸಾಲಿನಲ್ಲಿ ನಿಲ್ಲಿಸುವುದು ಅವರಿಗೆ ಅವಮಾನವಲ್ಲವೆ? ಎರಡನೆಯ ಮಾತು ತೂಕದ್ದು. ಹೋಲಿಕೆಯು ಕಷ್ಟದ ಪ್ರಮಾಣದಲ್ಲಿಲ್ಲ, ಕಟ್ಟಿನ ಸ್ವರೂಪದಲ್ಲಿದೆ. ಆ ಗೆರೆಯನ್ನು ದಾಟಿದ ಲೇಖಕನು ನಗೆಗೀಡಾಗುವನು. ಮೊದಲನೆಯ ಮಾತಿಗೆ ಮಾತ್ರ ‘ಚೋಮನ ದುಡಿ’ಯೇ ಉತ್ತರ: ಅಲ್ಲಿಯ ಚಿಲ್ಲರೆ ಸಾಲದಷ್ಟು ರಸವನ್ನು ಕನ್ನಡದ ಎಷ್ಟೋ ಸೂರ್ಯೋದಯಗಳು ಹುಟ್ಟಿಸಿಲ್ಲ.

ಹೊಸ ಬರವಣಿಗೆಯಲ್ಲಿ ಆಶೆಗೆ ಎಡೆಯಿಲ್ಲದಿಲ್ಲ. ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ (2017) ಕಾದಂಬರಿಯು ಅಮೆರಿಕದ ಮಿನೆಸೋಟ ಪ್ರಾಂತದ ಸಣ್ಣ ಊರಿನ ಆಸ್ಪತ್ರೆಗೆ ಬಂದ ಕನ್ನಡದ ವೈದ್ಯರನ್ನೂ ಅಲ್ಲಿಗೆ ಆಶ್ರಯ ಬೇಡಿ ಬಂದ ವಲಸಿಗರನ್ನೂ ಎದುರುಬದುರಾಗಿ ನಿಲ್ಲಿಸಿತು. ಅಲ್ಲಿ ವಲಸಿಗನು ತನ್ನ ಹಂಬಲವೊಂದನ್ನೇ ನೋಡಿಕೊಳ್ಳುತ್ತ ಕುಳಿತಿಲ್ಲ. ಇನ್ನೊಬ್ಬ ಪರದೇಶಿಯ ಮುಂದೆ ತನ್ನ ಸ್ಥಾನವೇನೆಂದು ಕೇಳಿಕೊಳ್ಳಬೇಕಾಗಿದೆ. ಗಣಕದ ದುಡಿಮೆಗೂ ಇಂಥ ಕಣ್ಣು ಬೇಕಾಗಿದೆ.

ಅದಕ್ಕೆ ಬೇಕಾದ ಸನ್ನಿವೇಶವನ್ನು ಕಾಲವೇ ಸಿದ್ಧಗೊಳಿಸಿದೆ. ಒಂದು ಮೇಜು, ಎರಡು ಕುರ್ಚಿ. ಇಪ್ಪತ್ತು ವರ್ಷ ದುಡಿದವನು ಒಂದರಲ್ಲಿ ಕುಳಿತು ಪಾಠ ಹೇಳುತ್ತಾನೆ. ಕರಾವಳಿಯಿಂದ ಹೋದ ಯುವಕನು ಇನ್ನೊಂದರಲ್ಲಿ ಕುಳಿತು ಬರೆದುಕೊಳ್ಳುತ್ತಾನೆ. ಪಾಠ ಮುಗಿದ ದಿನ ಗುರುವಿನ ಕೆಲಸವೂ ಮುಗಿಯುವುದೆಂದು ಇಬ್ಬರಿಗೂ ಗೊತ್ತು. ಗುರುವಿಗೆ ದಕ್ಷಿಣೆ ಕೊಡುವ ಸಂಸ್ಕಾರದಲ್ಲಿ ಬೆಳೆದ ಆ ಯುವಕನು ಅಂದು ರಾತ್ರಿ ಫಳ್ನೀರಿನ ಮನೆಗೆ ಕರೆಮಾಡಿ, ಕೆಲಸ ಹೇಗಿದೆಯೆಂದು ತಾಯಿ ಕೇಳಿದಾಗ, ಚೆನ್ನಾಗಿದೆಯಮ್ಮಾ ಎನ್ನುತ್ತಾನೆ. ಆ ಉತ್ತರಕ್ಕೆ ಮೊದಲು ಅವನು ತಡೆದ ಒಂದು ಕ್ಷಣದಲ್ಲಿ ಏನಿತ್ತೆಂಬುದನ್ನು ಬರೆಯಬಲ್ಲ ಲೇಖಕನಿಗಾಗಿ ಕನ್ನಡವು ಕಾದಿದೆ.