ಲದ್ದಿ ಹೇಳುವುದೆಷ್ಟು, ನಾವು ಹೇಳಿಸುವುದೆಷ್ಟು

ಸಕ್ರೆಬೈಲಿನ ಬಿಡಾರಕ್ಕೆ ಬೆಳಗ್ಗೆ ಹೋದವರ ಕಣ್ಣೆಲ್ಲ ಹಿನ್ನೀರಿನಲ್ಲಿ ಮೀಯುವ ಆನೆಗಳ ಮೇಲೆ. ಕಳೆದ ಸಲ ಹೋದಾಗ ನನ್ನ ಕಣ್ಣು ಬೇರೆ ಕಡೆ ನೆಟ್ಟಿತು. ರಾತ್ರಿಯೆಲ್ಲ ಕಾಡಿನಲ್ಲಿ ಮೇಯ್ದು ಬಂದ ಆನೆಯೊಂದು ದಾರಿಯಲ್ಲಿ ಲದ್ದಿ ಹಾಕಿತು. ಕಾವಾಡಿಯೊಬ್ಬರು ಅದನ್ನು ಕೋಲಿನಿಂದ ಒಡೆದು, ಒಳಗಿನ ನಾರನ್ನು ಬೆರಳಲ್ಲಿ ಉಜ್ಜಿ ನೋಡಿ, "ಬಿದಿರು ಚೆನ್ನಾಗಿ ಸಿಕ್ಕಿದೆ, ಅರಗಿದೆ" ಎಂದರು. ಅಷ್ಟೇ ಮಾತು. ಆದರೆ ಅದರಲ್ಲಿ ಆನೆಯ ಹಲ್ಲು, ಹೊಟ್ಟೆ, ರಾತ್ರಿಯ ತಿರುಗಾಟ ಎಲ್ಲದರ ವರದಿ ಇತ್ತು.

ಇದೇ ಲದ್ದಿಯನ್ನು ಓದುವ ಇನ್ನೊಂದು ವಿದ್ಯೆಯೂ ಇದೆ. ಅದರಲ್ಲಿ ಬೆರಳಿನ ಕೆಲಸವನ್ನು ಪ್ರತಿಕಾಯ, ಅಂದರೆ ಅಣುವನ್ನು ಅದರ ಆಕಾರದಿಂದ ಗುರುತಿಸಿ ಅಂಟಿಕೊಳ್ಳುವ ಪ್ರೋಟೀನು, ಮಾಡುತ್ತದೆ. ಆನೆಗೆ ಒತ್ತಡವಾದಾಗ ಏರುವ ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಹಾರ್ಮೋನಿನ ಕುರುಹನ್ನು ಲದ್ದಿಯಲ್ಲಿ ಹುಡುಕಿ ಅಳೆಯುವ ವಿಧಾನ ಅದು. ಭದ್ರಾ ಕಡೆಯಿಂದ ಶೆಟ್ಟಿಹಳ್ಳಿ ಅಭಯಾರಣ್ಯಕ್ಕೆ ದಾಟುವ ಆನೆಗಳ ಸುದ್ದಿ ಕೇಳುತ್ತಲೇ ಇರುವ ಕುಂಸಿಯವನಾದ್ದರಿಂದ ಈ ವಿದ್ಯೆಯನ್ನು ನಾನು ಹತ್ತಿರದಿಂದ ನೋಡಬೇಕಾಯಿತು. ಹೊಗಳುವುದಕ್ಕೂ ಪ್ರಶ್ನಿಸುವುದಕ್ಕೂ ಇದರಲ್ಲಿ ಬೇಕಾದಷ್ಟಿದೆ.

ಅಳತೆ ನಡೆಯುವ ಬಗೆಗೆ ನಮ್ಮ ಬಸ್ಸೇ ಸಾಕು. ಶಿವಮೊಗ್ಗದಿಂದ ಸಾಗರಕ್ಕೆ ಹೊರಟ ಬಸ್ಸು ಕುಂಸಿಯಲ್ಲಿ ನಿಂತಿದೆ, ಖಾಲಿ ಇರುವುದು ಹತ್ತೇ ಸೀಟು. ಹತ್ತುವವರಲ್ಲಿ ಕೆಂಪು ಶಾಲಿನವರ ಸಂಖ್ಯೆ ನಮಗೆ ಗೊತ್ತು, ಶಾಲಿಲ್ಲದವರದು ಗೊತ್ತಿಲ್ಲ. ಬಸ್ಸು ಹೊರಟ ಮೇಲೆ ಕೂತವರಲ್ಲಿ ಕೆಂಪು ಶಾಲು ಕಡಿಮೆ ಕಂಡರೆ ಶಾಲಿಲ್ಲದವರು ಹೆಚ್ಚು ನುಗ್ಗಿದ್ದಾರೆ ಎಂದರ್ಥ. ಪ್ರಯೋಗಾಲಯದ 96 ಗುಳಿಗಳ ತಟ್ಟೆಯಲ್ಲಿ ಸೀಟುಗಳೆಂದರೆ ಪ್ರತಿಕಾಯಗಳು. ಶಾಲು ಹೊದ್ದವರು ಕಿಣ್ವ ಕಟ್ಟಿದ ಹಾರ್ಮೋನು, ಶಾಲಿಲ್ಲದವರು ಲದ್ದಿಯಿಂದ ಬಂದವರು. ತೊಳೆದು, ಕಿಣ್ವದಿಂದ ಬಣ್ಣ ಪಡೆಯುವ ದ್ರವ ಹಾಕಿದರೆ ಗುಳಿ ನೀಲಿಯಾಗುತ್ತದೆ, ಆಮ್ಲದ ಹನಿ ಬಿದ್ದೊಡನೆ ಹಳದಿಗೆ ತಿರುಗುತ್ತದೆ. ಹಳದಿ ಗಾಢವಾಗಿದ್ದರೆ ಹಾರ್ಮೋನು ಕಡಿಮೆ, ಮಾಸಲಾಗಿದ್ದರೆ ಹೆಚ್ಚು. ಮೊದಲ ಸಲ ನೋಡಿದಾಗ ನಾನು ತಲೆಕೆಳಗಾಗಿಯೇ ಓದಿದ್ದೆ.

ಇಂಥ ಪ್ರತಿಕಾಯವನ್ನು ಪಡೆಯುವುದೇ ಒಂದು ಸಾಹಸ. ಕಾರ್ಟಿಸಾಲ್ ತೀರಾ ಚಿಕ್ಕ ಅಣು. ಪ್ರತಿಕಾಯ ಮಾಡಿಕೊಡಬೇಕಾದ ಮೊಲಕ್ಕೆ ಅದನ್ನಷ್ಟೇ ಚುಚ್ಚಿದರೆ ಅದರ ಮೈ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಸ್ಟೀರಾಯ್ಡನ್ನು ದೊಡ್ಡ ಪ್ರೋಟೀನಿನ ಬೆನ್ನಿಗೆ ಕಟ್ಟಿ ಚುಚ್ಚುವ ದಾರಿಯನ್ನು ಅರ್ಲಾಂಗರ್ ಮತ್ತು ಜೊತೆಗಾರರು 1950ರ ದಶಕದಲ್ಲಿ ತೋರಿಸಿದರು. ರೊಸಾಲಿನ್ ಯಾಲೋ ಮತ್ತು ಸೊಲೊಮನ್ ಬರ್ಸನ್ ಇನ್ಸುಲಿನ್ನಿಗಾಗಿ ರೂಪಿಸಿದ ವಿಕಿರಣದ ಅಳತೆ ಆಮೇಲೆ ಸ್ಟೀರಾಯ್ಡುಗಳಿಗೂ ಬಂತು. ಯಾಲೋಗೆ 1977ರಲ್ಲಿ ನೊಬೆಲ್ ಸಿಕ್ಕಿತು. ವಿಕಿರಣದ ಜಾಗಕ್ಕೆ ಕಿಣ್ವ ಬಂದದ್ದು 1970ರ ದಶಕದಲ್ಲಿ.

ಈ ವಿಧಾನದ ದೊಡ್ಡ ಗುಣವೆಂದರೆ ಆನೆಯನ್ನು ಮುಟ್ಟಬೇಕಾಗಿಲ್ಲ. ಕಟ್ಟಿಹಾಕಿ ಸೂಜಿ ಚುಚ್ಚಿದರೆ ಆ ಗಾಬರಿಗೇ ನಿಮಿಷಗಳಲ್ಲಿ ಕಾರ್ಟಿಸಾಲ್ ಏರುತ್ತದೆ. ಅಳೆಯಲು ಹೋದವರೇ ಅಳತೆಯನ್ನು ಕೆಡಿಸಿದಂತೆ. ಲದ್ದಿಯಲ್ಲಿ ಸಿಗುವುದು ಹಿಂದಿನ ಒಂದೆರಡು ದಿನಗಳ ಒಟ್ಟು ಲೆಕ್ಕ.

ತೊಡಕು ಇರುವುದು ಇನ್ನೊಂದು ಕಡೆ. ಆನೆಯ ಲದ್ದಿಯಲ್ಲಿ ಕಾರ್ಟಿಸಾಲ್ ಇದ್ದ ಹಾಗೇ ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಯಕೃತ್ತು, ಕರುಳಿನ ಬ್ಯಾಕ್ಟೀರಿಯಾ ಅದನ್ನು ಬೇರೆ ಬೇರೆ ರೂಪಕ್ಕೆ ತಿರುಗಿಸಿರುತ್ತವೆ. ಪ್ರತಿಕಾಯ ಹಿಡಿಯುವುದು ಹೆಸರನ್ನಲ್ಲ, ಆಕಾರವನ್ನು. ಸ್ಟೀರಾಯ್ಡುಗಳೆಲ್ಲ ನಾಲ್ಕು ಉಂಗುರಗಳ ಒಂದೇ ಕುಟುಂಬ. ಅಣ್ಣನನ್ನು ಹುಡುಕಲು ಹೋದವನು ಮೂಗು ನೋಡಿ ಚಿಕ್ಕಪ್ಪನ ಮಗನ ಕೈ ಹಿಡಿಯಬಹುದು. ಗಂಡಾನೆ ಮದಕ್ಕೆ ಬಂದಾಗ ಟೆಸ್ಟೋಸ್ಟಿರಾನ್ ಉಕ್ಕುತ್ತದೆ. ಅದರ ಒಡೆದ ಚೂರುಗಳು ಸರಿಯಾಗಿ ಪರೀಕ್ಷಿಸದ ಪ್ರತಿಕಾಯಕ್ಕೆ ಅಂಟಿಕೊಂಡರೆ ಮದವನ್ನೇ ನಾವು ಸಂಕಟವೆಂದು ಬರೆದುಕೊಳ್ಳುತ್ತೇವೆ.

ಆಸ್ಪತ್ರೆಯಲ್ಲಿ ಪ್ರತಿಕಾಯ ಹೀಗೆ ನೆಂಟರಿಗೂ ಅಂಟುವುದು ಶುದ್ಧ ದೋಷ. ಹೆಂಗಸರ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಬಹಳ ಕಡಿಮೆ. ಅಲ್ಲಿ ಈ ಪರೀಕ್ಷೆ ಊಹೆಗಿಂತ ಮೇಲೇ ಎಂದು 2003ರಲ್ಲೇ ಕ್ಲಿನಿಕಲ್ ಕೆಮಿಸ್ಟ್ರಿ ಪತ್ರಿಕೆಯ ಸಂಪಾದಕೀಯವೊಂದು ನೇರವಾಗಿ ಕೇಳಿತ್ತು. ಅಣುಗಳನ್ನು ತೂಕದಿಂದ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರೇ ಅಂಥಲ್ಲಿ ಸರಿ. ಆದರೆ ಲದ್ದಿಯ ವಿಷಯದಲ್ಲಿ ಅದೇ ದೋಷ ಗುಣವಾಗುತ್ತದೆ. ಹತ್ತಾರು ರೂಪಕ್ಕೆ ಒಡೆದ ಹಾರ್ಮೋನಿನಲ್ಲಿ ಒಂದೇ ರೂಪವನ್ನು ಹಿಡಿದರೆ ಉಳಿದವು ಲೆಕ್ಕ ತಪ್ಪುತ್ತವೆ. ಒಡೆದ ಚೂರುಗಳಿಗೆಲ್ಲ ಸಮಾನವಾದ ಆಕಾರವನ್ನು ಗುರುತಿಸುವಂತೆ ಬೇಕೆಂದೇ ಬೆಳೆಸಿದ ಪ್ರತಿಕಾಯಗಳು ಆನೆಯ ಮಟ್ಟಿಗೆ ಹೆಚ್ಚು ಸತ್ಯ ಹೇಳುತ್ತವೆ. ಯಂತ್ರ ದುಬಾರಿಯಾದಷ್ಟೂ ಉತ್ತರ ನಿಜವಾಗುತ್ತದೆ ಎಂಬ ನಂಬಿಕೆಯನ್ನು ಇಲ್ಲಿ ಬಿಡಬೇಕು.

ನಮ್ಮ ರಾಜ್ಯದಲ್ಲೇ ನಡೆದ ಕೆಲಸಕ್ಕೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಜೀತಾ ಶರ್ಮಾ ಪೊಖರೆಲ್, ಪೊಲಾನಿ ಶೇಷಗಿರಿ, ರಾಮನ್ ಸುಕುಮಾರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೈ ಬಡಕಲಾದ ಕಾಡಾನೆಗಳ ಲದ್ದಿಯಲ್ಲಿ ಒತ್ತಡದ ಹಾರ್ಮೋನಿನ ಚೂರುಗಳು ಹೆಚ್ಚು. ಕಣ್ಣಿಗೆ ಕಾಣುವ ಪಕ್ಕೆಲುಬನ್ನೂ ತಟ್ಟೆಯ ಬಣ್ಣವನ್ನೂ ಜೊತೆಗಿಟ್ಟು ನೋಡಿದ್ದೇ ಅದರ ಗಟ್ಟಿತನ. ಮುಂದೆ ಹಾಸನದ ಬೆಳೆಗೆ ಇಳಿಯುವ ಆನೆಗಳನ್ನು ಕಾಡಿನ ಆನೆಗಳೊಂದಿಗೆ ಹೋಲಿಸಿದಾಗ ಸಿಕ್ಕ ಉತ್ತರ ಎಲ್ಲರ ಎಣಿಕೆಗೆ ವಿರುದ್ಧವಾಗಿತ್ತು. ಹಾಸನದ ಆನೆಗಳಲ್ಲೇ ಮಟ್ಟ ಕಡಿಮೆ. ಒಳ್ಳೆಯ ಮೇವು ಒತ್ತಡವನ್ನು ತಗ್ಗಿಸಿರಬಹುದು ಎಂಬುದು ಅವರ ವಿವರಣೆ.

"ಇರಬಹುದು" ಎಂದು ತಡೆದು ಬರೆದದ್ದು ಪ್ರಾಮಾಣಿಕತೆ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಭತ್ತ, ಹಲಸು ತಿಂದ ಲದ್ದಿ ಬೇರೆ, ಒಣ ಹುಲ್ಲು ತಿಂದ ಲದ್ದಿ ಬೇರೆ. ಒಣಗಿಸಿ ತೂಗಿದರೆ ನೀರಿನ ವ್ಯತ್ಯಾಸ ಹೋಗುತ್ತದೆ, ನಾರಿನದು ಉಳಿಯುತ್ತದೆ. ಮೇವು ಆನೆಯ ನೆಮ್ಮದಿಯನ್ನು ಎಷ್ಟು ಬದಲಿಸಿತು, ಲದ್ದಿಯನ್ನೇ ಎಷ್ಟು ಬದಲಿಸಿತು ಎಂಬುದನ್ನು ಪ್ರತಿಕಾಯವೊಂದೇ ಬಿಡಿಸಿ ಹೇಳಲಾರದು. ಇನ್ನು ಮಟ್ಟ ಕಡಿಮೆ ಎಂದರೆ ಆನೆ ಸುಖವಾಗಿದೆ, ಊರಿನ ಪಕ್ಕದಲ್ಲೇ ಇರಲಿ ಎಂದು ಓದುವುದಂತೂ ಅನ್ಯಾಯ. ತಂತಿಬೇಲಿಯ ವಿದ್ಯುತ್ತು ತಗುಲಿ ಸಾಯುವ ಆನೆಯ ಹಿಂದಿನ ದಿನದ ಲದ್ದಿಯೂ ತಣ್ಣಗೇ ಇರಬಹುದು. ಗದ್ದೆ ಕಳೆದುಕೊಂಡವನ ಒತ್ತಡವೂ ಈ ಲೆಕ್ಕದಲ್ಲಿ ಇಲ್ಲ.

ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಸ್ಥೆಯ ಸಂಶೋಧಕರು 2019ರಲ್ಲಿ ಸಾಕಾನೆಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಮೈಸೂರು ದಸರಾದ ಆನೆಗಳೂ ಇದ್ದವು. ಮೆರವಣಿಗೆ, ಧಾರ್ಮಿಕ ಕಾರ್ಯಗಳಿಗೆ ಬಳಸುವ ಆನೆಗಳಲ್ಲಿ ಮಟ್ಟ ಏರಿದ್ದನ್ನು ಅವರು ಕಂಡರು. ಶಿವಮೊಗ್ಗ ದಸರಾದ ಅಂಬಾರಿಗೆ ಸಕ್ರೆಬೈಲಿನ ಆನೆಗಳೇ ಬರುವುದರಿಂದ ಈ ಮಾತು ನಮಗೂ ತಟ್ಟಬೇಕು. ಹಾಗೆಂದು ಅವರ ಅಂಕಿಯನ್ನು ತಂದು ಇಲ್ಲಿಯ ಆನೆಗೆ ಅಂಟಿಸಬಾರದು. ಪ್ರತಿಕಾಯ ಬದಲಾದರೆ ಒಂದು ಗ್ರಾಮಿಗೆ ಇಷ್ಟು ನ್ಯಾನೋಗ್ರಾಮ್ ಎಂಬ ಲೆಕ್ಕವೂ ಬದಲಾಗುತ್ತದೆ. ಒಂದು ಮೊಲದ ಸೀರಮ್ ಮುಗಿದು ಇನ್ನೊಂದರದು ಬಂದರೂ ಹಾಗೆಯೇ.

ಆನೆಯನ್ನು ಅದರ ಜೊತೆಗೇ ಹೋಲಿಸಬೇಕು. ದಸರಾಕ್ಕೆ ತಿಂಗಳ ಮುಂಚೆ, ತಾಲೀಮಿನ ದಿನಗಳಲ್ಲಿ, ಮೆರವಣಿಗೆಯ ಮರುದಿನ, ಕಾಡಿಗೆ ಮರಳಿದ ಮೇಲೆ, ಎಲ್ಲವನ್ನೂ ಒಂದೇ ಪ್ರತಿಕಾಯದಿಂದ ಅಳೆಯಬೇಕು. ಪಕ್ಕದಲ್ಲಿ ಕಾವಾಡಿಯ ದಿನಚರಿ ಇರಬೇಕು: ಯಾವತ್ತು ಮದ ಇಳಿಯಿತು, ಯಾವತ್ತು ಲಾರಿ ಹತ್ತಿತು, ಯಾವ ಪಟಾಕಿಗೆ ಕಿವಿ ನಿಮಿರಿತು. ಮಲೆನಾಡಿನ ಮಳೆಯಲ್ಲಿ ನೆನೆದ ಲದ್ದಿ ಬೇಡ. ಬಿದ್ದು ಕೆಲವೇ ಗಂಟೆಯಾದದ್ದನ್ನು, ನೆಲಕ್ಕೆ ತಾಗದ ನಡುಭಾಗದಿಂದ ತೆಗೆದು, ಕೂಡಲೇ ತಂಪಿನಲ್ಲಿಡಬೇಕು. ಅಂದು ಕಾವಾಡಿ ಕೋಲಿನಿಂದ ಒಡೆದು ಬೆರಳಿಟ್ಟದ್ದೂ ಆ ನಡುಭಾಗಕ್ಕೇ.